ವಿಟಿಯು ಸೆಮಿಸ್ಟರ್: ‘ನಾಳೆ ಓದೋಣ’ದಿಂದ ಪರೀಕ್ಷಾ ಹಾಲ್‌ವರೆಗೆ

ಓದು ಹಿಂದೆ ಬೀಳಲು ಶುರುವಾಗುವುದು ಸೆಮಿಸ್ಟರ್‌ನ ಎರಡನೇ, ಮೂರನೇ ವಾರದಲ್ಲಿ. ಆಗ ಯಾರಿಗೂ ಅದು ಗೊತ್ತಾಗುವುದಿಲ್ಲ. ಗಣಿತದಲ್ಲಿ ಒಂದು ಕ್ಲಾಸ್ ತಪ್ಪುತ್ತದೆ, ಮುಂದಿನ ಕ್ಲಾಸಿನಲ್ಲಿ ಕೂತರೂ ತಲೆಗೆ ಹತ್ತುವುದಿಲ್ಲ, ನೋಟ್ಸ್‌ನಲ್ಲಿ ಎರಡು ಪುಟ ಖಾಲಿ ಬಿಟ್ಟು ‘ಆಮೇಲೆ ಬರ್ಕೊಳ್ತೀನಿ’ ಅಂತ ಮುಂದಕ್ಕೆ ಹೋಗಿದ್ದಾಗುತ್ತದೆ. ಆ ಎರಡು ಖಾಲಿ ಪುಟ ತುಂಬದೆ ಮೂರನೇ ಪುಟ ಅರ್ಥವಾಗುವುದಿಲ್ಲ. ಹೀಗಾಗಿ ಪುಸ್ತಕ ತೆರೆಯುವುದೇ ಬೇಸರದ ಕೆಲಸವಾಗುತ್ತದೆ. ಮೊದಲ ಇಂಟರ್ನಲ್ಸ್, ಅಂದರೆ ಕಾಲೇಜಿನ ಒಳಗಿನ ಟೆಸ್ಟ್, ಬರುವ ಹೊತ್ತಿಗೆ ಆ ಸಬ್ಜೆಕ್ಟಿನ ಹೆಸರು ಕೇಳಿದರೇ ಹೊಟ್ಟೆಯಲ್ಲಿ ಸಂಕಟ.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗಿನ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್, ಪಿಜಿ ರೂಮುಗಳಲ್ಲಿ ಸೆಮಿಸ್ಟರ್ ದಾಟಿದವರು ನಾವು. ಆಮೇಲೆ ಜೂನಿಯರ್‌ಗಳ ಜೊತೆ ಕೂತು ಓದಿಸಿದವರೂ ಹೌದು. ಆಗೆಲ್ಲ ಬಳಸಿ ನೋಡಿದ ಕ್ರಮ ಇಲ್ಲಿದೆ. ಅಂಕಗಳ ಲೆಕ್ಕ 2022ರ ಸ್ಕೀಮಿನದು, ಅಂದರೆ ವಿಟಿಯುವಿನ ಆ ವರ್ಷದ ಪಠ್ಯಕ್ರಮ ಮತ್ತು ನಿಯಮಗಳದು. ಸ್ವಾಯತ್ತ ಕಾಲೇಜುಗಳಲ್ಲಿ ಇದು ಬೇರೆ ಇರುತ್ತದೆ, ಅಲ್ಲಿಯವರು ತಮ್ಮ ಕಾಲೇಜಿನ ನಿಯಮ ನೋಡಿಕೊಂಡು ಲೆಕ್ಕ ಹಾಕಿಕೊಳ್ಳಬೇಕು.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಓದು ಮುಂದೂಡುವವರಲ್ಲಿ ಸೋಮಾರಿಗಳು ಬಹಳ ಕಡಿಮೆ. ಗಣಿತ ಓದಬೇಕಾದ ಸಂಜೆ ಅದೇ ಹುಡುಗ ರೂಮ್ ಪೂರ್ತಿ ಗುಡಿಸುತ್ತಾನೆ, ಬಟ್ಟೆ ಒಗೆಯುತ್ತಾನೆ, ಗೆಳೆಯನ ಲ್ಯಾಬ್ ರೆಕಾರ್ಡ್ ಬರೆದುಕೊಡುತ್ತಾನೆ. ಮೈ ಬಗ್ಗಿಸಲು ಅವನಿಗೆ ಬೇಸರವಿಲ್ಲ. ಆ ಒಂದು ಪುಸ್ತಕ ತೆರೆದರೆ ಬರುವ ‘ನನಗೆ ಇದು ಬರಲ್ಲ’ ಎಂಬ ಭಾವನೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನೆ, ಅಷ್ಟೇ. ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ 2013ರ ತಮ್ಮ ಲೇಖನದಲ್ಲಿ ಇದನ್ನೇ ವಾದಿಸಿದರು: ಮುಂದೂಡುವುದೆಂದರೆ ಈ ಕ್ಷಣದ ಮನಸ್ಸಿನ ಕಿರಿಕಿರಿಯನ್ನು ತಣಿಸಿಕೊಳ್ಳುವ ದಾರಿ, ಅದರ ಬೆಲೆ ತೆರುವವನು ನಾಳಿನ ನಾನು. ಇದು ಒಪ್ಪಿಗೆಯಾದರೆ ಮುಂದಿನದು ಸುಲಭವಾಗಿ ಹೊಳೆಯುತ್ತದೆ. ಬೈಗುಳದಿಂದ, ಗೋಡೆಗೆ ಅಂಟಿಸಿದ ಬಣ್ಣದ ಟೈಮ್‌ಟೇಬಲ್‌ನಿಂದ ಈ ಸಂಕಟ ಕಡಿಮೆಯಾಗುವುದಿಲ್ಲ. ಮುಂದಿರುವ ಕೆಲಸಕ್ಕೆ ಒಂದು ಅಳತೆ ಸಿಗಬೇಕು, ಮೊದಲ ಹೆಜ್ಜೆ ಕೈಗೆಟುಕುವಷ್ಟು ಚಿಕ್ಕದಾಗಬೇಕು. ನಮ್ಮ ಕ್ರಮವೆಲ್ಲ ಈ ಎರಡರ ಸುತ್ತಲೇ ಇದೆ.

ಅಂಕದ ಲೆಕ್ಕ ಒಂದು ಹಾಳೆಯಲ್ಲಿ

ಭಯಕ್ಕೆ ಅಳತೆ ಕೊಡಲು ಅಂಕದ ಲೆಕ್ಕಕ್ಕಿಂತ ಒಳ್ಳೆಯ ಸಾಧನ ನಮಗೆ ಸಿಕ್ಕಿಲ್ಲ. ಥಿಯರಿ ಸಬ್ಜೆಕ್ಟಿಗೆ ಸಿಐಇ, ಅಂದರೆ ಕಾಲೇಜಿನ ಒಳಗಿನ ಅಂಕ, 50. ಸೆಮಿಸ್ಟರ್ ಕೊನೆಯ ಪರೀಕ್ಷೆ ನಡೆಯುವುದು 100ಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ. ಸಿಐಇಯಲ್ಲಿ ಕನಿಷ್ಠ 20 ಬರಲೇಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದೇ ಇಲ್ಲ. ಕೊನೆಯ ಪರೀಕ್ಷೆಯಲ್ಲಿ ಶೇ 35, ಅಂದರೆ 50ಕ್ಕೆ 18. ಎರಡೂ ಸೇರಿ 100ಕ್ಕೆ 40. ಹಾಜರಿ ಶೇ 85.

ಈಗ ಇದನ್ನು ಕೂಡಿ ನೋಡಿ. ಸಿಐಇಯಲ್ಲಿ ಬರೀ 20 ಇದ್ದವನಿಗೆ ಒಟ್ಟು 40 ಆಗಲು ಇನ್ನೂ 20 ಬೇಕು, ಅಂದರೆ ಪೇಪರಿನಲ್ಲಿ 100ಕ್ಕೆ 40. ಸಿಐಇಯಲ್ಲಿ 22 ಇದ್ದವನಿಗೆ 18 ಸಾಕು, ಅಂದರೆ 100ಕ್ಕೆ 35. ಒಳಗೆ ಬಿಟ್ಟ ಎರಡು ಅಂಕ ಹೊರಗೆ ಐದು ಅಂಕವಾಗಿ ಬಂದು ಕೂರುತ್ತದೆ. ಇಂಟರ್ನಲ್ ಟೆಸ್ಟಿನ ಜೊತೆ ಅಸೈನ್‌ಮೆಂಟಿನಂಥ ಇತರ ಮೌಲ್ಯಮಾಪನಕ್ಕೂ ಸಿಐಇಯಲ್ಲಿ ಪಾಲು ಇದೆ. ಲ್ಯಾಬ್ ಸೇರಿರುವ ಸಬ್ಜೆಕ್ಟುಗಳಲ್ಲಂತೂ ಸಿಐಇಯ 50ರಲ್ಲಿ 25 ಲ್ಯಾಬಿನದೇ. ವಾರವಾರ ಅಬ್ಸರ್ವೇಷನ್ ಬರೆದು, ರೆಕಾರ್ಡ್‌ಗೆ ಸೈನ್ ಹಾಕಿಸಿಕೊಂಡು ಬಂದರೆ ಸಿಗುವ ಅಂಕ ಅದು. ಮುಂದೂಡುವವರು ಮೊದಲು ಕಳೆದುಕೊಳ್ಳುವುದೂ ಅದನ್ನೇ. ಹತ್ತು ಪ್ರಯೋಗಗಳ ರೆಕಾರ್ಡನ್ನು ಸಬ್ಮಿಷನ್ ಹಿಂದಿನ ರಾತ್ರಿ ಕೂತು ಬರೆಯುವವನಿಗೆ ಅಂಕವೂ ಹೋಗುತ್ತದೆ, ಗಣಿತಕ್ಕೆ ಸಿಗಬೇಕಿದ್ದ ಒಂದು ಇಡೀ ರಾತ್ರಿಯೂ ಹೋಗುತ್ತದೆ.

ಪೇಪರಿನ ರಚನೆಯೂ ಬಾಯಿಗೆ ಬರಬೇಕು. ಐದು ಮಾಡ್ಯೂಲ್ (ಸಿಲಬಸ್ಸಿನ ಐದು ಭಾಗ), ಪ್ರತಿ ಮಾಡ್ಯೂಲಿಗೆ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದನ್ನು ಆರಿಸಿಕೊಂಡು ಒಟ್ಟು ಐದು ಬರೆಯಬೇಕು, ಒಂದಕ್ಕೆ 20 ಅಂಕ, ಸಮಯ ಮೂರು ಗಂಟೆ. ಒಂದು ಎ4 ಹಾಳೆ ಅಡ್ಡ ಹಿಡಿದು, ಸೆಮಿಸ್ಟರ್‌ನ ಎಲ್ಲ ಸಬ್ಜೆಕ್ಟುಗಳನ್ನು ಎಡಕ್ಕೆ ಬರೆಯಿರಿ. ಮೇಲೆ ಐದು ಮಾಡ್ಯೂಲ್‌ಗಳ ಐದು ಕಾಲಂ, ಆರನೆಯದು ಸಿಐಇಯಲ್ಲಿ ಇವತ್ತಿನವರೆಗೆ ಬಂದಿರುವ ಅಂಕಕ್ಕೆ. ಪ್ರತಿ ಚೌಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿ: ಪುಸ್ತಕ ಮುಚ್ಚಿ ಬರೆಯಬಲ್ಲೆ, ನೋಡಿದರೆ ಅರ್ಥವಾಗುತ್ತದೆ, ಗೊತ್ತೇ ಇಲ್ಲ. ಹೆಚ್ಚಿನವರಿಗೆ ಈ ಹಾಳೆ ತುಂಬುವವರೆಗೆ ‘ಏನೂ ಓದಿಲ್ಲ’ ಎಂಬ ಒಂದೇ ಭಾವನೆ ಇರುತ್ತದೆ. ತುಂಬಿದ ಮೇಲೆ ಇಪ್ಪತ್ತೈದು ಮೂವತ್ತು ಚೌಕಗಳಲ್ಲಿ ನಿಜವಾಗಿ ತೊಂದರೆ ಕೊಡುವ ಏಳೆಂಟು ಚೌಕ ಕಣ್ಣಿಗೆ ಬೀಳುತ್ತವೆ. ಅಷ್ಟಕ್ಕೇ ಎದೆಯ ಭಾರ ಸ್ವಲ್ಪ ಇಳಿಯುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಮೊದಲ ಹೆಜ್ಜೆ ಎಷ್ಟು ಚಿಕ್ಕದಿರಬೇಕು

‘ಇವತ್ತು ಗಣಿತ ಓದಬೇಕು’ ಎಂದು ಬರೆದುಕೊಂಡರೆ ಕೂರಲು ಆಗುವುದಿಲ್ಲ, ಏಕೆಂದರೆ ಆ ಸಾಲಿನಲ್ಲಿ ಕೈ ಮಾಡಬೇಕಾದ ಕೆಲಸವೇ ಇಲ್ಲ. ಪಟ್ಟಿಯಲ್ಲಿರುವ ಪ್ರತಿ ಸಾಲೂ ಇಪ್ಪತ್ತೈದು ನಿಮಿಷದಲ್ಲಿ ಮುಗಿಯುವಂತಿರಬೇಕು, ಮುಗಿದಾಗ ಹಾಳೆಯ ಮೇಲೆ ಏನಾದರೂ ಉಳಿದಿರಬೇಕು.

ಇಲೆಕ್ಟ್ರಾನಿಕ್ಸ್‌ನವರ ಮೂರನೇ ಸೆಮಿಸ್ಟರ್ ಗಣಿತದ ಮೊದಲ ಮಾಡ್ಯೂಲ್ ತೆಗೆದುಕೊಳ್ಳೋಣ: ಫೊರಿಯರ್ ಶ್ರೇಣಿ, ಅಂದರೆ ಒಂದು ಫಲನವನ್ನು ಕಾಸ್, ಸೈನ್ ಪದಗಳ ಮೊತ್ತವಾಗಿ ಬರೆಯುವುದು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಹೆಚ್ಚಾಗಿ ಕೈಬಿಡುವ ಮಾಡ್ಯೂಲ್ ಇದು. ಇದರೊಳಗೆ ಹಾರ್ಮೋನಿಕ್ ಅನಾಲಿಸಿಸ್ ಎಂಬ ಭಾಗವಿದೆ, ಅದಕ್ಕೆ ಇಂಟಿಗ್ರೇಷನ್ನೇ ಬೇಡ. ಒಂದು ಕೋಷ್ಟಕ ಕೊಟ್ಟಿರುತ್ತಾರೆ: ಎಕ್ಸ್ 0, 60, 120 ಡಿಗ್ರಿ ಎಂದು 360ರವರೆಗೆ, ಎದುರಿಗೆ ವೈ ಬೆಲೆಗಳು. ಮಾಡಬೇಕಾದ್ದು ಇಷ್ಟೇ. ವೈ, ವೈ ಕಾಸ್ ಎಕ್ಸ್, ವೈ ಸೈನ್ ಎಕ್ಸ್ ಎಂದು ಮೂರು ಕಾಲಂ ಹಾಕಿ, ಪ್ರತಿ ಕಾಲಂ ಕೂಡಿ, ಮೊತ್ತವನ್ನು ಎರಡರಿಂದ ಗುಣಿಸಿ ಸಾಲುಗಳ ಸಂಖ್ಯೆಯಿಂದ ಭಾಗಿಸಿದರೆ ಶ್ರೇಣಿಯ ಗುಣಾಂಕಗಳಾದ ಎ-ನಾಟ್, ಎ-ಒನ್ (ಕಾಸ್ ಪದದ್ದು), ಬಿ-ಒನ್ (ಸೈನ್ ಪದದ್ದು) ಸಿಗುತ್ತವೆ. ಶ್ರೇಣಿ ಬರೆಯುವಾಗ ಎ-ನಾಟ್‌ನ ಅರ್ಧ ಮೊದಲ ಪದ. ಕಾಸ್ ಬೆಲೆಗಳು 1, 0.5, −0.5, −1, −0.5, 0.5. ಸೈನ್ ಬೆಲೆಗಳು 0, 0.866, 0.866, 0, −0.866, −0.866. ಈ ಹನ್ನೆರಡು ಸಂಖ್ಯೆ ಒಮ್ಮೆ ಕೈಗೆ ಬಂದರೆ ಲೆಕ್ಕ ತಾನಾಗಿ ಓಡುತ್ತದೆ.

ಇಲ್ಲಿ ತಪ್ಪುವುದು ಎರಡು ಕಡೆ. ಕ್ಯಾಲ್ಕುಲೇಟರ್ ರೇಡಿಯನ್ ಮೋಡಿನಲ್ಲಿ ಇದ್ದು, ಕಾಸ್ 60ಕ್ಕೆ 0.5 ಬದಲು ಋಣ ಸಂಖ್ಯೆ ತೋರಿಸುತ್ತದೆ. ಅದು ಗಮನಕ್ಕೆ ಬಾರದೆ ಇಡೀ ಕೋಷ್ಟಕ ಹಾಳಾಗುತ್ತದೆ. ಎರಡನೆಯದು 360 ಡಿಗ್ರಿಯ ಸಾಲು. ಅದರ ವೈ ಬೆಲೆ 0 ಡಿಗ್ರಿಯದೇ ಪುನರಾವರ್ತನೆ, ಅದನ್ನು ಬಿಡಬೇಕು. ಬಿಡದೆ ಸೇರಿಸಿದರೆ ಸಾಲುಗಳು ಆರರ ಬದಲು ಏಳಾಗಿ ಮೂರೂ ಉತ್ತರ ತಪ್ಪಾಗುತ್ತವೆ. ಆದ್ದರಿಂದ ಪಟ್ಟಿಯ ಸಾಲು ಹೀಗಿರಲಿ: ‘ಹಳೇ ಪೇಪರಿನ ಹಾರ್ಮೋನಿಕ್ ಲೆಕ್ಕ ಒಂದು, ಉತ್ತರ ನೋಡದೆ.’ ಅದು ಮುಗಿದ ಮೇಲೆ ಮುಂದಿನ ಸಾಲು: ‘ಎಕ್ಸ್ ವರ್ಗ, ಮೈನಸ್ ಪೈನಿಂದ ಪೈವರೆಗೆ, ಬಿ-ಎನ್ ಯಾಕೆ ಸೊನ್ನೆ ಎಂದು ಒಂದು ವಾಕ್ಯ ಬರೆದು, ಎ-ಎನ್ ಕಂಡುಹಿಡಿ.’ ಫಲನ ಸಮ ಇರುವುದರಿಂದ ಅರ್ಧ ಕೆಲಸ ಅಲ್ಲೇ ಕಳೆಯುತ್ತದೆ. ಹೀಗೆ ಸುಲಭದ ತುದಿಯಿಂದ ಹೊಕ್ಕವರಿಗೆ ಮಾಡ್ಯೂಲ್ ಮೊದಲು ಕಂಡಷ್ಟು ದೊಡ್ಡದಾಗಿ ಕಾಣುವುದಿಲ್ಲ. ಪುಸ್ತಕದ ಮೊದಲ ಪುಟದ ಡಿರಿಕ್ಲೆ ಷರತ್ತುಗಳಿಂದ ಶುರು ಮಾಡಿದವರು ಹತ್ತು ನಿಮಿಷಕ್ಕೆ ಫೋನ್ ಎತ್ತಿಕೊಳ್ಳುತ್ತಾರೆ.

ಇಪ್ಪತ್ತೈದು ನಿಮಿಷದ ಅಳತೆ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ತಾನು ವಿದ್ಯಾರ್ಥಿಯಾಗಿದ್ದಾಗ ರೂಢಿಸಿಕೊಂಡದ್ದು. ಆಮೇಲೆ ಐದು ನಿಮಿಷ ಬಿಡುವು. ಗಣಿತಕ್ಕೆ ಇದು ಕೆಲವೊಮ್ಮೆ ಸಾಲದು, ಲೆಕ್ಕದ ಮಧ್ಯೆ ಎದ್ದರೆ ಎಳೆ ತಪ್ಪುತ್ತದೆ. ಅಲ್ಲಿ ನಲವತ್ತು ನಿಮಿಷ ಇಟ್ಟುಕೊಳ್ಳಿ. ಬಿಡುವಿನಲ್ಲಿ ಮಾತ್ರ ಫೋನ್ ಮುಟ್ಟಬಾರದು. ಐದು ನಿಮಿಷದ ರೀಲ್ಸ್ ಐದೇ ನಿಮಿಷಕ್ಕೆ ನಿಲ್ಲುವುದಿಲ್ಲ. ಎದ್ದು ನೀರು ಕುಡಿದು, ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಫೋನಿನ ಬಗ್ಗೆ ಇನ್ನೊಂದು ಮುಖ್ಯ ಮಾತು. ‘ಫೋನ್ ದೂರ ಇಡು’ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಹುಡುಗರ ನೋಟ್ಸ್ ಇರುವುದೇ ಫೋನಿನಲ್ಲಿ. ಮೇಡಂ ಕಳಿಸಿದ ಪಿಡಿಎಫ್ ಕ್ಲಾಸ್ ಗ್ರೂಪಿನಲ್ಲಿ, ಹಳೇ ಪೇಪರ್ ಟೆಲಿಗ್ರಾಂನಲ್ಲಿ. ಓದಲು ಫೋನ್ ತೆರೆಯಲೇಬೇಕು, ತೆರೆದ ಕೂಡಲೇ ಮೆಸೇಜು. ಇದಕ್ಕೆ ಗಟ್ಟಿ ಮನಸ್ಸಿಗಿಂತ ಜೆರಾಕ್ಸ್ ಅಂಗಡಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಸೆಮಿಸ್ಟರ್ ಶುರುವಾದ ತಿಂಗಳೊಳಗೆ ಸಿಲಬಸ್ ಕಾಪಿ, ಕಳೆದ ನಾಲ್ಕೈದು ಪೇಪರ್, ಕಷ್ಟದ ಮಾಡ್ಯೂಲುಗಳ ನೋಟ್ಸ್ ಎಲ್ಲವನ್ನೂ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿ. ಸ್ಟಡಿ ಹಾಲಿಡೇಸ್, ಅಂದರೆ ಪರೀಕ್ಷೆಗೆ ಮುಂಚಿನ ಓದಿನ ರಜೆ, ಶುರುವಾದ ಮೇಲೆ ಕಾಲೇಜಿನ ಮುಂದಿನ ಅಂಗಡಿಗಳಲ್ಲಿ ಕ್ಯೂ ಇರುತ್ತದೆ, ಅದೇ ನೆಪದಲ್ಲಿ ಅರ್ಧ ದಿನ ಹೋಗುತ್ತದೆ. ಪ್ರಿಂಟ್ ಕೈಯಲ್ಲಿದ್ದರೆ ಫೋನನ್ನು ರೂಂಮೇಟ್ ಕೈಗೆ ಕೊಟ್ಟು ‘ಎಂಟು ಗಂಟೆಗೆ ಕೊಡು ಮಗಾ’ ಎನ್ನುವುದು ಸಾಧ್ಯ.

ಸ್ಟಡಿ ಹಾಲಿಡೇಸ್

ಎಲ್ಲರ ನಂಬಿಕೆಯೂ ಸ್ಟಡಿ ಹಾಲಿಡೇಸ್ ಮೇಲೆ. ‘ಆಗ ದಿನಕ್ಕೊಂದು ಮಾಡ್ಯೂಲ್ ಮುಗಿಸಿದರೆ ಆಯ್ತು’ ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಈ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ಕೆನಡಾದ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪದವಿ ವಿದ್ಯಾರ್ಥಿಗಳನ್ನು ‘ಪ್ರಬಂಧ ಎಷ್ಟು ದಿನದಲ್ಲಿ ಮುಗಿಸುತ್ತೀರಿ’ ಎಂದು ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ, ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ದಿನ ಎಂದು ಕೇಳಿದಾಗ ಹೇಳಿದ್ದಕ್ಕಿಂತಲೂ ಹೆಚ್ಚು. ನಿಮ್ಮ ಅಂದಾಜು ಏನೇ ಇರಲಿ, ಅದಕ್ಕೆ ಅರ್ಧ ಸೇರಿಸಿ. ದಿನಕ್ಕೊಂದು ಮಾಡ್ಯೂಲ್ ಎಂದುಕೊಂಡರೆ ಎರಡು ದಿನಕ್ಕೆ ಒಂದೂವರೆ ಮಾಡ್ಯೂಲ್ ಆಗುವುದೂ ಕಷ್ಟ.

ಓದುವ ರೀತಿಯಲ್ಲೂ ಒಂದು ಮೋಸವಿದೆ. ಹೈಲೈಟರ್ ಹಿಡಿದು ನೋಟ್ಸ್ ಮೂರು ಸಲ ಓದಿದರೆ ಎಲ್ಲ ಗೊತ್ತಾದ ಹಾಗೆ ಅನ್ನಿಸುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಅಳೆದರು. ಒಂದು ಗುಂಪು ಪಠ್ಯವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಒಮ್ಮೆ ಓದಿ ಆಮೇಲೆ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದವರಿಗೆ ಸುಮಾರು ಶೇ 61. ಆ ಐದು ನಿಮಿಷದ ಗೆಲುವೇ ನಮ್ಮನ್ನು ದಾರಿ ತಪ್ಪಿಸುವುದು. ಆದ್ದರಿಂದ ಕ್ರಮ ಹೀಗೆ: ಒಂದು ಉತ್ತರ ಒಮ್ಮೆ ನಿಧಾನವಾಗಿ ಓದಿ, ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ಚಿತ್ರ, ಶೀರ್ಷಿಕೆ, ಐದಾರು ಅಂಶ ಬರೆಯಿರಿ. ತೆರೆದು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮಾರನೆಯ ಬೆಳಿಗ್ಗೆ ಕೆಂಪು ಮಾತ್ರ ನೋಡಿ. ಇದು ಬೇಸರದ ಕೆಲಸ, ಕೈ ನೋಯುತ್ತದೆ. ಆದರೆ ಪರೀಕ್ಷಾ ಹಾಲಿನಲ್ಲಿ ಮಾಡಬೇಕಾದದ್ದೂ ಇದೇ ಕೆಲಸ.

ಯೂಟ್ಯೂಬಿನಲ್ಲಿ ಈಗ ಕನ್ನಡದಲ್ಲೇ ವಿವರಿಸುವವರು ಇದ್ದಾರೆ, ಅದೊಂದು ದೊಡ್ಡ ಅನುಕೂಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಪುಟ ಇಂಗ್ಲಿಷ್ ಓದಲು ಇಪ್ಪತ್ತು ನಿಮಿಷ ಬೇಕಾಗುತ್ತದೆ, ಅವರ ಮುಂದೂಡಿಕೆಯ ಅರ್ಧ ಕಾರಣ ಅದೇ. ಅವರಿಗೆ ನಾವು ಹೇಳುವುದು: ವಿಷಯವನ್ನು ಕನ್ನಡದಲ್ಲಿ ಕೇಳಿ, ರೂಂಮೇಟ್‌ಗೆ ಕನ್ನಡದಲ್ಲೇ ಜೋರಾಗಿ ಹೇಳಿ. ‘ಲೋ, ಕೇಳಿಲ್ಲಿ, ಇದು ಹಿಂಗಾಗುತ್ತೆ’ ಎಂದು ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಆರೇಳು ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ವ್ಯಾಖ್ಯೆಗಳು, ಶೀರ್ಷಿಕೆಗಳು, ಚಿತ್ರದ ಭಾಗಗಳ ಹೆಸರು ಇವಿಷ್ಟನ್ನು ಮಾತ್ರ ಅಕ್ಷರಶಃ ಬಾಯಿಪಾಠ ಮಾಡಿ. ಉದ್ದುದ್ದ ಪ್ಯಾರಾ ಬಾಯಿಪಾಠ ಮಾಡಿದವರು ಮಧ್ಯೆ ಒಂದು ಪದ ಮರೆತರೆ ಅಲ್ಲೇ ನಿಲ್ಲುತ್ತಾರೆ. ಇನ್ನು ವಿಡಿಯೊ ನೋಡಿದ್ದು ಓದಿದ ಲೆಕ್ಕಕ್ಕೆ ಬರುವುದಿಲ್ಲ. ಒಂದು ಲೆಕ್ಕದ ವಿಡಿಯೊ ನೋಡಿದರೆ ಅಂಥದೇ ಒಂದನ್ನು ತಾನೇ ಮಾಡುವವರೆಗೆ ಮುಂದಿನ ವಿಡಿಯೊ ಬೇಡ.

‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಪರೀಕ್ಷೆಗೆ ಮುಂಚೆ ಓಡಾಡುವ ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ ಬಗ್ಗೆ ಕೇಳುವವರು ಬಹಳ. ಹಳೇ ಪೇಪರುಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳೇ ಅವು. ಆ ಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ, ಯಾವುದನ್ನು ಮೊದಲು ಓದಬೇಕು ಎಂದು ತೀರ್ಮಾನಿಸಲು. ಆದರೆ ಸಂಖ್ಯೆ ಬದಲಿಸಿ ಕೇಳಿದರೆ ಉತ್ತರವನ್ನಷ್ಟೇ ಕಂಠಪಾಠ ಮಾಡಿದವನು ಕೈಚೆಲ್ಲುತ್ತಾನೆ. ಪಟ್ಟಿಯನ್ನು ಬೇರೆಯವರಿಂದ ತೆಗೆದುಕೊಳ್ಳುವುದಕ್ಕಿಂತ ಐದು ಹಳೇ ಪೇಪರ್ ಹರಡಿಕೊಂಡು ಮಾಡ್ಯೂಲ್‌ವಾರು ತಾನೇ ಬರೆದುಕೊಂಡರೆ ಒಂದೂವರೆ ಗಂಟೆ ಹಿಡಿಯುತ್ತದೆ. ಆ ಒಂದೂವರೆ ಗಂಟೆಯಲ್ಲಿ ಪ್ರಶ್ನೆಗಳ ಭಾಷೆ, ಅಂಕ ಹಂಚಿಕೆ ಎರಡೂ ಕಣ್ಣಿಗೆ ಕೂರುತ್ತವೆ. ಕೈಯಲ್ಲಿ ಮೂರೇ ದಿನ ಉಳಿದಿದ್ದರೆ ಐದು ಮಾಡ್ಯೂಲನ್ನೂ ಅರೆಬರೆ ಮುಟ್ಟುವ ಬದಲು ಮೂರನ್ನು ಗಟ್ಟಿ ಮಾಡಿ. 20ಕ್ಕೆ 13ರಂತೆ ಮೂರರಿಂದ 39. ಉಳಿದ ಎರಡರಿಂದ ವ್ಯಾಖ್ಯೆ, ಚಿತ್ರ ಬರೆದು ಬರುವ ನಾಲ್ಕಾರು ಅಂಕ ಮೇಲೆ. ಆ ಮೂರು ಯಾವುವು ಎಂದು ಆರಿಸುವಾಗ ಐದನೇ ಮಾಡ್ಯೂಲನ್ನೂ ಒಮ್ಮೆ ನೋಡಿ. ಕ್ಲಾಸಿನಲ್ಲಿ ಕೊನೆಗೆ ಅವಸರದಲ್ಲಿ ಓಡಿಸುವುದರಿಂದ ಎಲ್ಲರೂ ಅದನ್ನು ಬಿಡುತ್ತಾರೆ, ಹಲವು ಸಬ್ಜೆಕ್ಟುಗಳಲ್ಲಿ ಅದೇ ಓದಲು ಹಗುರ.

ಗ್ರೂಪ್ ಸ್ಟಡಿಗೆ ಮೂವರಿಗಿಂತ ಹೆಚ್ಚು ಜನ ಬೇಡ. ಹೊಸದನ್ನು ಕಲಿಯಲು ಒಬ್ಬರೇ ಕೂರಿ, ಕಲಿತದ್ದನ್ನು ಕೇಳಿಸಿಕೊಳ್ಳಲು ಗುಂಪು ಸೇರಿ. ‘ಎಷ್ಟು ಮಾಡ್ಯೂಲ್ ಆಯ್ತು ಗುರು?’ ಎಂಬ ಪ್ರಶ್ನೆ ಹಾಸ್ಟೆಲಿನಲ್ಲಿ ರಾತ್ರಿಯಿಡೀ ಸುತ್ತುತ್ತಿರುತ್ತದೆ. ಅದಕ್ಕೆ ಬರುವ ಉತ್ತರಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಒಬ್ಬನ ‘ಆಯ್ತು’ ಎಂದರೆ ಓದಿ ಮುಗಿಸಿದ್ದು, ಇನ್ನೊಬ್ಬನದು ಪಿಡಿಎಫ್ ಡೌನ್‌ಲೋಡ್ ಆಗಿದ್ದು.

ಹಿಂದಿನ ರಾತ್ರಿ, ಮತ್ತು ಮೂರು ಗಂಟೆ

ರಾತ್ರಿ ಹನ್ನೊಂದಕ್ಕೆ ಒಮ್ಮೆಲೇ ‘ಎಲ್ಲ ಮರೆತುಹೋಯ್ತು’ ಅನ್ನಿಸುವುದು ಸಾಮಾನ್ಯ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಪುಟ ತಿರುಗಿಸಿದಷ್ಟೂ ಹೊಸದಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಹೊಸ ಟಾಪಿಕ್ ತೆರೆಯಬೇಡಿ. ಒಂದು ಖಾಲಿ ಹಾಳೆ ತೆಗೆದು ಗೊತ್ತಿರುವ ಒಂದು ಉತ್ತರದ ಚಿತ್ರ ಬರೆಯಿರಿ, ನಿಧಾನವಾಗಿ, ಹೆಸರುಗಳ ಸಮೇತ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ, ಹತ್ತು ಸಲ. ಕೈ ಕೆಲಸ ಮಾಡುತ್ತಿರುವಾಗ ಗಾಬರಿ ಇಳಿಯುತ್ತದೆ, ಇಳಿದ ಮೇಲೆ ಕೆಂಪು ಪೆನ್ನಿನ ಸಾಲುಗಳನ್ನು ಮಾತ್ರ ನೋಡಿ ಮಲಗಿ. ಇಡೀ ರಾತ್ರಿ ಎದ್ದಿದ್ದು ಓದುವುದರಲ್ಲಿ ನಮಗೆ ನಂಬಿಕೆ ಇಲ್ಲ. ಓದಿದ್ದು ನೆನಪಿನಲ್ಲಿ ಕೂರಲು ನಿದ್ದೆ ಬೇಕು, ನಿದ್ದೆಗೆಟ್ಟ ಬೆಳಿಗ್ಗೆ ಮೊದಲು ಕೈಕೊಡುವುದು ಲೆಕ್ಕದ ಚಿಹ್ನೆಗಳು: ಪ್ಲಸ್ ಇದ್ದಲ್ಲಿ ಮೈನಸ್. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದದ್ದು ಮೂರು ಗಂಟೆಗೂ ಅರ್ಧ ಉಳಿದಿರುತ್ತದೆ. ಸಂಜೆ ಆರರ ನಂತರ ಬೇಡ. ಹಾಲ್ ಟಿಕೆಟ್, ಐಡಿ ಕಾರ್ಡ್, ಎರಡು ಪೆನ್ನು, ಪೆನ್ಸಿಲ್, ಸ್ಕೇಲ್, ಬ್ಯಾಟರಿ ನೋಡಿದ ಕ್ಯಾಲ್ಕುಲೇಟರ್ ಇವನ್ನು ಮಲಗುವ ಮುಂಚೆಯೇ ಚೀಲಕ್ಕೆ ಹಾಕಿ.

ಹಾಲಿನಲ್ಲಿ 180 ನಿಮಿಷ. ಐದು ಪ್ರಶ್ನೆಗೆ ಹಂಚಿದರೆ 36. ಮೊದಲ ಹತ್ತು ನಿಮಿಷ ಪೇಪರ್ ಓದಿ ಪ್ರತಿ ಮಾಡ್ಯೂಲಿನಲ್ಲಿ ಯಾವ ಪ್ರಶ್ನೆ ಎಂದು ಗುರುತಿಸಲು, ಕೊನೆಯ ಹತ್ತು ಪ್ರಶ್ನೆ ಸಂಖ್ಯೆ ಸರಿಯಾಗಿದೆಯೇ ನೋಡಲು ಇಟ್ಟರೆ ಒಂದೊಂದಕ್ಕೆ 32 ನಿಮಿಷ ಉಳಿಯುತ್ತದೆ. ಆರಿಸುವಾಗ ಮಾಡುವ ತಪ್ಪು: ಮೊದಲ ಪ್ರಶ್ನೆಯ ‘ಎ’ ಭಾಗ, ಎರಡನೆಯದರ ‘ಬಿ’ ಭಾಗ ಗೊತ್ತಿದೆ ಎಂದು ಎರಡನ್ನೂ ಬೆರೆಸಿ ಬರೆಯುವುದು. ಒಂದು ಮಾಡ್ಯೂಲಿಗೆ ಒಂದೇ ಪೂರ್ಣ ಪ್ರಶ್ನೆ, ಬೆರೆಸಿದ್ದು ಕೂಡುವುದಿಲ್ಲ. ಚೆನ್ನಾಗಿ ಬರುವ ಉತ್ತರದಿಂದಲೇ ಶುರು ಮಾಡಿ, ಆದರೆ ಅದಕ್ಕೆ 32 ನಿಮಿಷದ ಮೇಲೆ ಕೊಡಬೇಡಿ. ಮೊದಲ ಉತ್ತರಕ್ಕೆ ಐವತ್ತು ನಿಮಿಷ ಕೊಟ್ಟು ಕೊನೆಯದನ್ನು ಮುಟ್ಟದೆ ಎದ್ದವರು ಎಷ್ಟೋ ಜನ. ಆ ಹೆಚ್ಚಿನ ಹದಿನೆಂಟು ನಿಮಿಷಕ್ಕೆ ಸಿಗುವುದು ಒಂದೋ ಎರಡೋ ಅಂಕ, ಬಿಟ್ಟ ಪ್ರಶ್ನೆಯಲ್ಲಿ ಹೋಗುವುದು ಹತ್ತು. ಲೆಕ್ಕ ಪೂರ್ತಿ ಬಾರದಿದ್ದರೂ ಸೂತ್ರ, ದತ್ತಾಂಶ, ಮೊದಲ ಎರಡು ಹಂತ ಬರೆಯಿರಿ. ಹಂತಕ್ಕೆ ಅಂಕವಿದೆ, ಖಾಲಿ ಪುಟಕ್ಕೆ ಇಲ್ಲ.

ಹೊರಗೆ ಬಂದ ಮೇಲೆ ಉತ್ತರ ತಾಳೆ ನೋಡುವ ಗುಂಪಿನಿಂದ ನೇರ ಊಟಕ್ಕೆ ಹೋಗಿ. ಪೇಪರ್ ಕೆಟ್ಟಿದ್ದರೆ ಅದರ ಸಿಟ್ಟನ್ನು ಮುಂದಿನ ಪೇಪರಿಗೆ ಹೊತ್ತುಕೊಂಡು ಹೋಗುವುದೇ ದೊಡ್ಡ ನಷ್ಟ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ತನ್ನನ್ನೇ ಬೈದುಕೊಳ್ಳುತ್ತಾ ಇದ್ದರೆ ಪುಸ್ತಕದ ಮೇಲಿನ ಬೇಸರ ಇನ್ನಷ್ಟು ಬೆಳೆಯುತ್ತದೆ, ಮತ್ತೆ ತಪ್ಪಿಸಿಕೊಳ್ಳಬೇಕೆನ್ನಿಸುತ್ತದೆ.

ಎಲ್ಲವನ್ನೂ ಮುಂದೂಡಿಕೆ ಎಂದು ಕರೆಯಲಾಗದು. ಎರಡು ವಾರಕ್ಕೂ ಮೇಲ್ಪಟ್ಟು ನಿದ್ದೆ, ಊಟ ಕೆಟ್ಟಿದ್ದರೆ, ಇಷ್ಟದ ಆಟ, ಗೆಳೆಯರೂ ಬೇಡವಾಗಿದ್ದರೆ, ‘ನಾನಿರದಿದ್ದರೆ ಎಲ್ಲರಿಗೂ ಒಳ್ಳೆಯದು’ ಎಂಬ ಯೋಚನೆ ಬರುತ್ತಿದ್ದರೆ, ಟೈಮ್‌ಟೇಬಲ್ ಪಕ್ಕಕ್ಕಿಟ್ಟು ಅದೇ ದಿನ ಮಾತನಾಡಬೇಕು. 14416 ಟೆಲಿ-ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ರೂಂಮೇಟ್ ಹೀಗಿದ್ದಾನೆ ಅನ್ನಿಸಿದರೆ ಒಬ್ಬನೇ ಬಿಡಬೇಡಿ, ನೀವೇ ಫೋನ್ ಹಚ್ಚಿ ಅವನ ಕೈಗೆ ಕೊಡಿ.

ಮನೆಗೆ ಹೇಳುವುದು ಹಲವರಿಗೆ ಪರೀಕ್ಷೆಗಿಂತ ಕಷ್ಟ, ಅದರಲ್ಲೂ ಮನೆಯಲ್ಲಿ ಕಾಲೇಜಿಗೆ ಬಂದ ಮೊದಲಿಗರಾಗಿದ್ದರೆ. ಬ್ಯಾಕ್ ಆದದ್ದನ್ನು, ಅಂದರೆ ಒಂದು ಸಬ್ಜೆಕ್ಟ್ ಫೇಲಾಗಿ ಉಳಿದದ್ದನ್ನು, ಮುಚ್ಚಿಟ್ಟರೆ ಫೋನ್ ಬಂದಾಗಲೆಲ್ಲ ಸುಳ್ಳು ಹೇಳಬೇಕು, ಆ ಸುಳ್ಳಿನ ಭಾರ ಓದಿನ ಮೇಲೆ ಬೀಳುತ್ತದೆ. ಹೇಳುವಾಗ ಮುಂದೇನು ಎಂಬುದನ್ನೂ ಜೊತೆಗೇ ಹೇಳಿ: ‘ಅಪ್ಪಾ, ಗಣಿತ ಒಂದು ಉಳಿದಿದೆ. ಮುಂದಿನ ಸೆಮ್ ಜೊತೆ ಬರೀತೀನಿ. ಪರೀಕ್ಷೆ ಫೀಸ್ ಬೇರೆ ಕಟ್ಟಬೇಕು, ಬಾಕಿ ಎಲ್ಲ ಪಾಸಾಗಿದೆ.’ ಇಷ್ಟು ಕೇಳಿದ ಮನೆಯವರು ಒಂದು ದಿನ ಸಿಟ್ಟಾಗಿ ಆಮೇಲೆ ದಾರಿ ಯೋಚಿಸುತ್ತಾರೆ.

ಫಲಿತಾಂಶ ಒಂದೆರಡು ಅಂಕದಲ್ಲಿ ಹೋಗಿದ್ದರೆ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವ ಮುಂಚೆ ಉತ್ತರ ಪತ್ರಿಕೆಯ ಫೋಟೊಕಾಪಿ ತರಿಸಿ, ಆ ಸಬ್ಜೆಕ್ಟಿನ ಮೇಷ್ಟ್ರಿಗೆ ತೋರಿಸಿ. ಅರ್ಜಿಗೆ ಕೊಡುವ ದಿನಗಳು ಕಡಿಮೆ, ವಿಟಿಯು ವೆಬ್‌ಸೈಟಿನ ಸುತ್ತೋಲೆಯನ್ನು ಫಲಿತಾಂಶ ಬಂದ ದಿನವೇ ನೋಡಿ. ಇಯರ್ ಬ್ಯಾಕ್ (ಬ್ಯಾಕ್ ಹೆಚ್ಚಾಗಿ ಮುಂದಿನ ವರ್ಷಕ್ಕೆ ಹೋಗಲಾಗದಿರುವುದು) ನಿಯಮ ಸ್ಕೀಮಿನಿಂದ ಸ್ಕೀಮಿಗೆ ಬದಲಾಗಿದೆ. ಸೀನಿಯರ್ ಹೇಳಿದ್ದನ್ನು ನಂಬದೆ ನಿಮ್ಮ ಸ್ಕೀಮಿನ ರೆಗ್ಯುಲೇಷನ್ ತೆಗೆದು ಓದಿ. ಪ್ಲೇಸ್‌ಮೆಂಟಿಗೆ ಬರುವ ಬಹಳಷ್ಟು ಕಂಪನಿಗಳು ಉಳಿದ ಬ್ಯಾಕ್ ಇರಬಾರದು ಎನ್ನುತ್ತವೆ, ಹಾಗಾಗಿ ಆರನೇ ಸೆಮಿಸ್ಟರಿನೊಳಗೆ ಹಳೆಯದೆಲ್ಲ ತೀರಿಸಿಕೊಳ್ಳುವುದು ಒಳ್ಳೆಯದು. ಬ್ಯಾಕ್ ಸಬ್ಜೆಕ್ಟಿಗೆ ಕ್ಲಾಸ್ ಇರುವುದಿಲ್ಲ, ಅದನ್ನು ನೆನಪಿಸುವವರೂ ಇರುವುದಿಲ್ಲ. ಹೊಸ ಸೆಮಿಸ್ಟರ್‌ನ ಮೊದಲ ವಾರದಲ್ಲೇ ಅದಕ್ಕೆ ವಾರದ ಎರಡು ಸಂಜೆ ಗೊತ್ತು ಮಾಡಿ, ಒಂದು ಸಂಜೆಗೆ ಹಳೇ ಪೇಪರಿನ ಒಂದು ಪೂರ್ಣ ಪ್ರಶ್ನೆ, ಗಡಿಯಾರ ಇಟ್ಟು 32 ನಿಮಿಷ.